ಬಾನೆಟ್ ಮುಚ್ಚುವ ತನಕ

ಮಾರ್ಚ್ 3, ಸೋಮವಾರ

ನನಗೆ ಮದುವೆಯಾಯಿತು, ಗಂಡನ ಜೊತೆಗೆ ಅರ್ಧ ಕಾರೂ ಸಿಕ್ಕಿತು! ಹದಿನಾರು ದಿನವಾಯಿತು. ಇನ್ನೂ ಬೆಳಿಗ್ಗೆ ಕಣ್ಣುಬಿಟ್ಟಾಗ ಇದು ಯಾರ ಮನೆ ಎಂದು ಒಂದು ಗಳಿಗೆ ಗಾಬರಿಯಾಗುತ್ತದೆ. ಪಕ್ಕದಲ್ಲಿ ನನ್ನವರ ಗೊರಕೆ ಕೇಳಿಸಿದ ಮೇಲೆ ನಗು ಬರುತ್ತದೆ. ಎಷ್ಟು ಚೆಂದದ ಗೊರಕೆ! ಇದನ್ನು ಯಾರಾದರೂ ಓದಿದರೆ ನನ್ನ ಮಾನ ಹೋಯಿತು.

ಇಲ್ಲಿಯವರೆಗೆ ದಿನಚರಿಯನ್ನು ಇಂಗ್ಲಿಷಿನಲ್ಲೇ ಬರೆಯುತ್ತಿದ್ದೆ, ಶಾಲೆಯಲ್ಲಿ ಹತ್ತಿದ ಚಟ. ಆದರೆ ಇಷ್ಟೊಂದು ಸಂತೋಷವನ್ನು ಇಂಗ್ಲಿಷಿನಲ್ಲಿ ಬರೆದರೆ ಟೀಚರಿಗೆ ರಜೆಚೀಟಿ ಬರೆದ ಹಾಗೆ ಕಾಣುತ್ತದೆ. ಇನ್ನು ಮೇಲೆ ಕನ್ನಡವೇ. ಒತ್ತಕ್ಷರ ತಪ್ಪಾದರೆ ಆಗಲಿ.

ಕಾರಿನ ವಿಷಯ. ಮನೆಯ ಹಿಂದೆ ತಗಡಿನ ಶೆಡ್ಡಿದೆ. ಅದರೊಳಗೆ ನನ್ನವರು ಸ್ವಂತ ಕೈಯಿಂದ ಕಾರು ಕಟ್ಟುತ್ತಿದ್ದಾರೆ! ಕಂಪನಿಯವರು ಪೆಟ್ಟಿಗೆಗಳಲ್ಲಿ ಬಿಡಿಭಾಗ ಕಳಿಸುತ್ತಾರಂತೆ. ಕಬ್ಬಿಣದ ಚೌಕಟ್ಟು, ಫೈಬರಿನ ಮೈ, ಸ್ಟೀರಿಂಗು, ಎಲ್ಲವನ್ನೂ ನಾವೇ ಕೂಡಿಸಬೇಕು. ಎಂಜಿನ್ನು ಮಾತ್ರ ಗುಜರಿಗೆ ಹೋದ ಯಾವುದೋ ಹಳೇ ಕಾರಿನದು. "ಎರಡು ವರ್ಷದ ತಪಸ್ಸು ಕಣೇ" ಅಂದರು. ನಾನು ಎಂಜಿನ್ನಿಗೆ ನಮಸ್ಕಾರ ಮಾಡುವುದೊಂದು ಬಾಕಿ!

ಅತ್ತೆ ಹೆಚ್ಚು ಮಾತಾಡುವವರಲ್ಲ. ಟೀವಿಯ ಧ್ವನಿ ಬಂದ್ ಮಾಡಿ, ಬರೀ ಚಿತ್ರ ನೋಡುತ್ತಾ ಒಗೆದ ಬಟ್ಟೆ ಮಡಚುತ್ತಾರೆ. ನನ್ನನ್ನೂ ಹಾಗೇ ನೋಡುತ್ತಾರೆ, ಧ್ವನಿ ಬಂದ್ ಮಾಡಿ.

ಮಾರ್ಚ್ 6, ಗುರುವಾರ

ಇವತ್ತು ಒಂದು ಹೊಸ ಶಬ್ದ ಕಲಿತೆ: ಮ್ಯಾನಿಫೋಲ್ಡು. ಎಂಜಿನ್ನು ಉಸಿರೆಳೆದುಕೊಳ್ಳುವ ದಾರಿ. ಮೇಲೆ ಒಂದು ಗಾಳಿಪೆಟ್ಟಿಗೆ, ಅದರಿಂದ ನಾಲ್ಕು ಕೊಳವೆ ಬಾಗಿಕೊಂಡು ಬಂದು ಎಂಜಿನ್ನಿಗೆ ಅಂಟಿಕೊಳ್ಳುತ್ತವೆ. ಎಲ್ಲ ಅಲ್ಯೂಮಿನಿಯಮ್ಮು. ಎಂಜಿನ್ನಿನ ಜೊತೆ ಬಂದದ್ದು ಎಷ್ಟು ಎತ್ತರವೆಂದರೆ ಅದನ್ನು ಹಾಕಿದರೆ ನಮ್ಮ ಪುಟ್ಟ ಕಾರಿನ ಬಾನೆಟ್ಟು ನಾಲ್ಕು ಬೆರಳು ಬಾಯಿಬಿಟ್ಟುಕೊಂಡೇ ಇರುತ್ತದೆ. ಅದಕ್ಕೇ ಕೊಳವೆಗಳನ್ನು ಕತ್ತರಿಸಿ, ಗಿಡ್ಡ ಮಾಡಿ, ಪೆಟ್ಟಿಗೆಯನ್ನು ಪಕ್ಕಕ್ಕೆ ತಿರುಗಿಸಿ, ಮತ್ತೆ ವೆಲ್ಡ್ ಮಾಡಿ ಒಂದು ತಯಾರಾಗಿದೆ. ಹಳೇ ಟವೆಲಿನಲ್ಲಿ ಸುತ್ತಿ ಅಟ್ಟದ ಮೇಲೆ ಇಟ್ಟಿದ್ದಾರೆ. ಎಂಟು ತಿಂಗಳ ಕೆಲಸವಂತೆ. ತೊಳೆದು ಕೂರಿಸಿದರೆ ಮುಗಿಯಿತು.

ಏಪ್ರಿಲ್ ಹನ್ನೊಂದಕ್ಕೆ ವಾಹನ ಕಚೇರಿಯ ಇನ್ಸ್‌ಪೆಕ್ಟರು ಶೆಡ್ಡಿಗೇ ಬಂದು ನೋಡುತ್ತಾರೆ. ಅವತ್ತು ಬಾನೆಟ್ಟು ಮುಚ್ಚಬೇಕು, ಎಂಜಿನ್ನು ಕೆಮ್ಮದೆ ಓಡಬೇಕು. ಇಲ್ಲದಿದ್ದರೆ ಅನುಮತಿ ರದ್ದು, ಮತ್ತೆ ಅ ಆ ಇ ಈಯಿಂದ.

"ನೀವು ಜೀನಿಯಸ್ಸು ರೀ" ಅಂದೆ. ಬೇಡ ಅನ್ನಲಿಲ್ಲ!

ಮಾರ್ಚ್ 10, ಸೋಮವಾರ

ಸರ್‌ಪ್ರೈಸು! ಇವರು ಕೆಲಸಕ್ಕೆ ಹೊರಟ ಮರುಗಳಿಗೆಯೇ ಶುರುಮಾಡಿದೆ. ಟವೆಲು ಬಿಚ್ಚಿದರೆ ಮ್ಯಾನಿಫೋಲ್ಡಿನ ಮೇಲೆ ಬೆರಳು ದಪ್ಪದ ಕರೀ ಜಿಡ್ಡು. ಸೋಪು ಹಾಕಿ ಉಜ್ಜಿದೆ, ಜಪ್ಪಯ್ಯ ಅನ್ನಲಿಲ್ಲ. ಸಿಂಕಿನ ಕೆಳಗೆ ಕಟ್ಟಿಕೊಂಡ ಪೈಪು ಬಿಡಿಸುವ ಪುಡಿಯ ಡಬ್ಬಿ ಕಾಣಿಸಿತು. ಜಿಡ್ಡು, ಕೂದಲು, ಏನಿದ್ದರೂ ಕರಗಿಸುತ್ತದೆ ಎಂದು ಬರೆದಿದೆ. ಬಕೆಟ್ಟಿಗೆ ಬಿಸಿನೀರು, ಇಡೀ ಡಬ್ಬಿ ಪುಡಿ, ಅದರೊಳಗೆ ಮ್ಯಾನಿಫೋಲ್ಡು.

ಅಬ್ಬಬ್ಬಾ, ಏನು ನೊರೆ! ಬೆಂಕಿಯೇ ಇಲ್ಲದೆ ಬಕೆಟ್ಟು ಕುದಿಯುತ್ತಿದೆ, ಮುಟ್ಟಿದರೆ ಸುಡುತ್ತದೆ. ಎಷ್ಟು ವರ್ಷದ ಕೊಳೆಯೋ ಪಾಪ! ಅತ್ತೆ ಸೆರಗಿನಿಂದ ಮೂಗು ಮುಚ್ಚಿಕೊಂಡು ಬಂದರು.

"ಏನದು?"

"ಸರ್‌ಪ್ರೈಸ್ ಅತ್ತೆ!"

"ಅವಳದ್ದನ್ನ ಮುಟ್ಟಬೇಡ" ಅಂದು ಒಳಗೆ ಹೋದರು.

ಯಾರದ್ದು? ಬೇರೆ ಏನನ್ನೋ ಅಂದುಕೊಂಡಿರಬೇಕು. ಐದು ಗಂಟೆಗೆ ತೆಗೆಯುತ್ತೇನೆ, ಇವರು ಬರುವುದು ಐದೂವರೆಗೆ. ಹೊಸ ಸೀರೆ ಉಟ್ಟುಕೊಂಡು ಕೈಯಲ್ಲಿ ಹಿಡಿದು ನಿಲ್ಲುತ್ತೇನೆ!

ಮಾರ್ಚ್ 11, ಮಂಗಳವಾರ

ಜಿಡ್ಡಲ್ಲ, ಮ್ಯಾನಿಫೋಲ್ಡೇ ಕರಗಿತು.

ಮಾರ್ಚ್ 12, ಬುಧವಾರ

ಈಗ ಬರೆಯಬಲ್ಲೆ. ಪುಡಿಯಲ್ಲಿದ್ದದ್ದು ಕಾಸ್ಟಿಕ್ ಸೋಡಾ. ಅದು ಅಲ್ಯೂಮಿನಿಯಮ್ಮನ್ನು ತಿನ್ನುತ್ತದೆ. ಒಂಬತ್ತನೇ ತರಗತಿಯಲ್ಲಿ ನಾನೇ ಈ ಸಮೀಕರಣ ಬರೆದು ಐದಕ್ಕೆ ಐದು ತೆಗೆದುಕೊಂಡಿದ್ದೆ. ಕೊಳವೆಗಳಲ್ಲಿ ತೂತು ಬಿದ್ದಿವೆ, ಎಂಜಿನ್ನಿಗೆ ಅಂಟುವ ಪಟ್ಟಿ ಗೆದ್ದಲು ಹಿಡಿದ ಹಲಗೆಯಂತಾಗಿದೆ.

ಇವರು ಅದನ್ನು ಬೆಳಕಿಗೆ ಹಿಡಿದು ತೂತುಗಳನ್ನು ನೋಡಿದರು. ಆಮೇಲೆ ನಕ್ಕರು. ನಾನೂ ನಗಲೇ ಎಂದು ಯೋಚಿಸುವಷ್ಟರಲ್ಲಿ ಫೋನು ತೆಗೆದು, ಸ್ಪೀಕರಿಗೆ ಹಾಕಿ, ತಮ್ಮ ಅಕ್ಕನಿಗೆ ಮಾಡಿದರು. ಇವರ ಅಕ್ಕ ಅಂದರೆ ನನಗೆ ಅತ್ತಿಗೆ. ದೂರದ ಊರಿನ ತರಬೇತಿ ಸಂಸ್ಥೆಯಲ್ಲಿ ಲೇತ್ ಯಂತ್ರ ಕಲಿಸುವ ಹೆಂಗಸು. ಮದುವೆಗೆ ಬಂದಿರಲಿಲ್ಲ. ಹೊಟ್ಟೆಕಿಚ್ಚು ಅಂತ ಇವರು ಹೇಳಿದ್ದರು.

"ಅಕ್ಕಾ, ನಿನ್ನ ಮ್ಯಾನಿಫೋಲ್ಡ್‌ನ ನನ್ನ ಹೆಂಡತಿ ಪಾತ್ರೆ ತೊಳೆದ ಹಾಗೆ ತೊಳೆದಳು. ಕಾನ್ವೆಂಟ್ ರಾಣಿ! ಸಿಂಕ್ ಪುಡೀಲಿ ನೆನೆಸಿದ್ದಾಳೆ."

ಆ ಕಡೆ ಯಾವುದೋ ಯಂತ್ರ ಆರಿಸಿದ ಸದ್ದು ಕೇಳಿಸಿತು.

"ಅಲ್ಯೂಮಿನಿಯಮ್ಮನ್ನ ಕಾಸ್ಟಿಕ್‌ಗೆ ಹಾಕಿದಳಾ? ಅವಳು ಅಲ್ಲೇ ಇದಾಳಾ? ಏನಮ್ಮಾ, ಎಂಟು ತಿಂಗಳು ನಾನು ಅದನ್ನ ಅರ ಹಿಡಿದು ಉಜ್ಜಿದ್ದೀನಿ. ನಿನ್ನ ಒಂದು ಮಧ್ಯಾಹ್ನ ಸಾಕಾಯ್ತಲ್ಲ! ಬಾನೆಟ್ ಮುಚ್ಚದಿದ್ರೆ ಹನ್ನೊಂದನೇ ತಾರೀಕು ನಾನು ಎಂಜಿನ್ ಬಿಚ್ಚಿ ತಗೊಂಡು ಹೋಗ್ತೀನಿ. ಅದು ನಾನು ಗುಜರೀಲಿ ಹುಡುಕಿ ತಂದಿದ್ದು. ಅರ್ಜೀನೂ ನನ್ನ ಹೆಸರಲ್ಲೇ ಇದೆ."

ಫೋನು ಇಟ್ಟಳು. ಎಂಥ ಒರಟು ಹೆಂಗಸು! ಇವರು "ಎಂಟು ತಿಂಗಳ ಕೆಲಸ" ಅಂದಾಗ ತಾವು ಮಾಡಿದ್ದು ಅಂತ ಬಾಯಿಬಿಟ್ಟು ಹೇಳಿರಲಿಲ್ಲ, ನಾನೇ ಹಾಗಂದುಕೊಂಡೆ. ಇವರದ್ದೇನು ತಪ್ಪಿಲ್ಲ. ಅಕ್ಕ ತಮ್ಮ ಇಬ್ಬರೂ ಸೇರಿ ಮಾಡಿರಬಹುದು.

ಮಾರ್ಚ್ 15, ಶನಿವಾರ

ಬೀದಿಗೆಲ್ಲ ಗೊತ್ತಾಗಿದೆ. ಎದುರುಮನೆಯವರು ಗೇಟಿನ ಹತ್ತಿರ ನಿಂತು "ನಮ್ಮ ಬಾಣಲೆ ಸ್ವಲ್ಪ ತೊಳೆದುಕೊಡ್ತೀಯಾ?" ಎಂದರು. ಇವರು ಅಲ್ಲೇ ನಿಂತು ನಗುತ್ತಿದ್ದರು. ತಮಾಷೆಯ ಸ್ವಭಾವ.

ನಾನೇ ಹೊಸದು ಮಾಡುತ್ತೇನೆ ಎಂದೆ. "ಮಾಡು, ನೋಡೋಣ" ಅಂದು ಟೀವಿಯ ಮುಂದೆ ಕೂತರು. ಎಂಜಿನ್ನಿನ ಜೊತೆ ಬಂದ ಎತ್ತರದ ಮ್ಯಾನಿಫೋಲ್ಡು ಇನ್ನೂ ಬೆಂಚಿನ ಕೆಳಗಿದೆ, ಅದನ್ನೇ ಕತ್ತರಿಸಬೇಕು. ಎಲ್ಲಿ, ಎಷ್ಟು, ಯಾವ ಓರೆಗೆ? ಗೊತ್ತಿರುವುದು ಒಬ್ಬಳಿಗೆ. ಮೂರು ಸಲ ನಂಬರು ಒತ್ತಿ ಅಳಿಸಿ, ನಾಲ್ಕನೇ ಸಲ ಮಾಡಿದೆ.

"ಅತ್ತಿಗೆ, ನಾನು..."

"ಅಳ್ತೀಯಾ? ಅಳೋದಾದ್ರೆ ಫೋನ್ ಇಡು."

"ಅಳಲ್ಲ. ಅಳತೆ ಬೇಕು."

"ಅಳತೆ ಬೇಕಂತೆ! ಮೊದಲು ನೀನು ಕೊಡು. ಪಟ್ಟಿಯಿಂದ ಗಾಳಿಪೆಟ್ಟಿಗೆಯ ನೆತ್ತಿಗೆ ಎಷ್ಟಿದೆ?"

"ಒಂದು ಗೇಣು, ನಾಲ್ಕು ಬೆರಳು."

"ಗೇಣು! ಸೀರೆ ಬ್ಲೌಸ್ ಹೊಲೀತಿದ್ದೀಯಾ? ಬೆಂಚಿನ ಎಡಗಡೆ ಡ್ರಾಯರಲ್ಲಿ ಕ್ಯಾಲಿಪರಿದೆ. ಮಿಲಿಮೀಟರಲ್ಲಿ ಹೇಳೋಕೆ ಬಂದಾಗ ಫೋನ್ ಮಾಡು."

ಹಲ್ಲು ಕಡಿದುಕೊಂಡು ಕ್ಯಾಲಿಪರು ಹುಡುಕಿದೆ. ಎಡಗಡೆಯೇ ಇತ್ತು, ಎಣ್ಣೆಬಟ್ಟೆಯಲ್ಲಿ.

ಮಾರ್ಚ್ 19, ಬುಧವಾರ

ನಾಲ್ಕು ಕೊಳವೆ, ಪ್ರತಿಯೊಂದರಲ್ಲೂ ನಲವತ್ತೆಂಟು ಮಿಲಿಮೀಟರು ತೆಗೆಯಬೇಕು. ಕೆಳಗೆ ಪೆಟ್ರೋಲು ಚಿಮ್ಮುವ ತೂತುಗಳಿವೆ, ಅವುಗಳ ತಂಟೆಗೆ ಹೋಗಕೂಡದು. ಹ್ಯಾಕ್ಸಾ ಬ್ಲೇಡು ಮೂರು ಮುರಿದವು. ಎರಡನೇ ಕೊಳವೆಯ ಗೆರೆ ಓರೆಯಾಯಿತು, ಅರದಲ್ಲಿ ಉಜ್ಜಿ ಸರಿಮಾಡಿದೆ. ಬಲಗೈ ಹೆಬ್ಬೆರಳಿನ ಮೂಲದಲ್ಲಿ ಬೊಬ್ಬೆ.

ಆ ಹೆಂಗಸು ದಿನಾ ಮಧ್ಯಾಹ್ನ ಊಟದ ಬಿಡುವಿನಲ್ಲಿ ಫೋನು ಮಾಡಿ ಬೈಯುತ್ತಾಳೆ. ಬೈಗುಳ ಮುಗಿದ ಮೇಲೆ ಒಂದು ಅಳತೆ ಕೊಡುತ್ತಾಳೆ. ನಾನು ಬೈಗುಳ ಬಿಟ್ಟು ಅಳತೆ ಮಾತ್ರ ಬರೆದುಕೊಳ್ಳುತ್ತೇನೆ. ಇವತ್ತು ಹೇಳಿದ್ದು: ವೆಲ್ಡಿಂಗಿಗೆ ಮೊದಲು ಪಟ್ಟಿಯನ್ನು ದಪ್ಪ ಉಕ್ಕಿನ ತಟ್ಟೆಗೆ ಬೋಲ್ಟ್ ಹಾಕಿ ಬಿಗಿಯಬೇಕು. ಇಲ್ಲದಿದ್ದರೆ ಬಿಸಿಗೆ ಬಾಳೆಹಣ್ಣಿನಂತೆ ಬಾಗುತ್ತದೆ. ಎಷ್ಟು ದಪ್ಪ ಎಂದು ಎರಡು ಸಲ ಕೇಳಿ ಬೈಸಿಕೊಂಡೆ. ಇಪ್ಪತ್ತು ಮಿಲಿ.

ಇವರು ಗೆಳೆಯರೊಬ್ಬರಿಗೆ ಫೋನಿನಲ್ಲಿ "ಇವಳಿಗೂ ಸ್ವಲ್ಪ ಕಲಿಸ್ತಿದ್ದೀನಿ" ಎನ್ನುತ್ತಿದ್ದರು. ಅಂದುಕೊಳ್ಳಲಿ.

ಮಾರ್ಚ್ 23, ಭಾನುವಾರ

ನಾನು ಸ್ನಾನಕ್ಕೆ ಹೋಗಿದ್ದಾಗ ಇವರು ತುಂಡುಗಳನ್ನೆಲ್ಲ ಚೀಲಕ್ಕೆ ತುಂಬಿಕೊಂಡು ವೆಲ್ಡರ್ ಹತ್ತಿರ ಹೋಗಿ ವೆಲ್ಡ್ ಮಾಡಿಸಿಕೊಂಡು ಬಂದರು. ಉಕ್ಕಿನ ತಟ್ಟೆ ಬೆಂಚಿನ ಮೇಲೇ ಇತ್ತು.

"ರೀ, ತಟ್ಟೆ?"

"ಅದೆಲ್ಲ ಅಕ್ಕನ ಅತಿ. ಸಂದಿಗೆ ಗ್ಯಾಸ್ಕೆಟ್ ಪೇಸ್ಟ್ ಮೆತ್ತಿದರೆ ಆಯ್ತು."

ಪಟ್ಟಿಯ ಮೇಲೆ ಸ್ಕೇಲು ಇಟ್ಟು ನೋಡಿದೆ. ನಡುವೆ ಬೆಳಕು ಕಾಣುತ್ತಿತ್ತು. ಎಂಟು ಬಿಂದು, ಅಂದರೆ ಮಿಲಿಮೀಟರಿನ ಹತ್ತರಲ್ಲಿ ಎಂಟು ಪಾಲು. ಆದರೂ ಪೇಸ್ಟು ಮೆತ್ತಿ ಕೂರಿಸಿ ಚಾಲೂ ಮಾಡಿದರು. ಎಂಜಿನ್ನಿನ ಸದ್ದು ಏರಿತು, ಇಳಿಯಿತು, ಏರಿತು, ಇಳಿಯಿತು, ಮೆಟ್ಟಿಲು ಹತ್ತಿ ಬಂದವರ ಏದುಸಿರಿನ ಹಾಗೆ. ಬಾಗಿದ ಸಂದಿಯಿಂದ ಗಾಳಿ ಕಳ್ಳದಾರಿಯಲ್ಲಿ ಒಳಗೆ ಹೋಗುತ್ತಿದೆ.

ಇವರು ಫೋನು ತೆಗೆದು ಅಕ್ಕನಿಗೆ ಹೇಳಿದರು: "ನಿನ್ನ ಶಿಷ್ಯೆ ತಟ್ಟೆ ಹಾಕದೆ ವೆಲ್ಡ್ ಮಾಡಿಸಿದ್ದಾಳೆ ನೋಡು." ನಾನು ಎರಡಡಿ ದೂರದಲ್ಲಿ ನಿಂತಿದ್ದೆ, ಕೈಯಲ್ಲಿ ಹದಿಮೂರನೇ ನಂಬರಿನ ಸ್ಪ್ಯಾನರು.

ಪರವಾಗಿಲ್ಲ. ಅವಸರದಲ್ಲಿ ಬಾಯಿಗೆ ಬಂದಿರಬೇಕು.

ಮಾರ್ಚ್ 24, ಸೋಮವಾರ

ಮಧ್ಯಾಹ್ನ ಫೋನು ಬಂತು. ಬೈಗುಳಕ್ಕೆ ಕಿವಿ ಸಿದ್ಧಮಾಡಿಕೊಂಡೆ.

"ತಟ್ಟೆ ಎಷ್ಟು ದಪ್ಪ ಅಂತ ಎರಡು ಸಲ ಕೇಳಿದವಳು ತಟ್ಟೆ ಹಾಕದೆ ವೆಲ್ಡ್ ಮಾಡಿಸಲ್ಲ. ಯಾರು ತಗೊಂಡು ಹೋದದ್ದು?"

"ಗೊತ್ತಿಲ್ಲ."

"ಗೊತ್ತಿಲ್ಲ ಅನ್ನೋರು ಕಾರು ಕಟ್ಟೋಕೆ ಬರಬಾರದು. ಒಂದೂವರೆ ವರ್ಷದ ಹಿಂದೆ ನಿನ್ನ ಗಂಡನ್ನ ಬಿಟ್ಟುಕೊಡದೆ ನಾನೂ ಹೀಗೇ ಗೊತ್ತಿಲ್ಲ ಅಂತಿದ್ದೆ. ಆಮೇಲೆ ಪೇಪರಿನವರು ಬಂದು ಫೋಟೋ ತೆಗೆದಾಗ ಅವನು ಸ್ಟೀರಿಂಗ್ ಹಿಡಿದು ಕೂತಿದ್ದ, ನಾನು ಚಹ ತಗೊಂಡು ಬರ್ತಿದ್ದೆ."

ಫೋನು ಇಟ್ಟರು.

ಮಾರ್ಚ್ 29, ಶನಿವಾರ

ವೆಲ್ಡರ್‌ಗೆ ಬೀದಿಯಲ್ಲಿ ಕರಿಕನ್ನಡಕ ಎಂದೇ ಹೆಸರು. ತಟ್ಟೆ, ಬೋಲ್ಟು, ಮ್ಯಾನಿಫೋಲ್ಡು, ಎಲ್ಲ ಹೊತ್ತುಕೊಂಡು ನಾನೇ ಹೋದೆ.

"ಅವತ್ತೇ ಹೇಳ್ದೆ ನಿಮ್ಮ ಯಜಮಾನ್ರಿಗೆ, ಬಾಗುತ್ತೆ ಅಂತ. 'ನನಗೆ ಹೇಳಿಕೊಡ್ತೀಯಾ' ಅಂದ್ರು. ನನಗೇನು, ಮುಖ ಮುಚ್ಚಿಕೊಂಡು ಮಾಡೋ ಕೆಲಸ."

"ಬಿಚ್ಚಿ ಮತ್ತೆ ಮಾಡಿ. ಬೋಲ್ಟು ನಾನು ಬಿಗೀತೀನಿ. ತಣ್ಣಗಾಗೋ ತನಕ ತಟ್ಟೆಯಿಂದ ತೆಗೀಬೇಡಿ, ನಾನು ಕಾಯ್ತೀನಿ."

"ಎರಡು ಗಂಟೆ ಆಗುತ್ತಲ್ಲಮ್ಮ."

"ಆಗಲಿ."

ಸ್ಟೂಲಿನ ಮೇಲೆ ಎರಡು ಗಂಟೆ ಕೂತೆ. ಬಾಗು ಎರಡು ಬಿಂದುವಿಗೆ ಇಳಿಯಿತು. ಉಳಿದದ್ದನ್ನು ಸಮತಟ್ಟಾದ ಗಾಜಿನ ಮೇಲೆ ಎಮೆರಿ ಕಾಗದ ಅಂಟಿಸಿ ಉಜ್ಜಿ ತೆಗೆಯಬೇಕು. ದಪ್ಪ ಗಾಜೆಂದರೆ ಮದುವೆಗೆ ಉಡುಗೊರೆ ಬಂದ ಟೀಪಾಯಿಯದ್ದೊಂದೇ. ಎತ್ತಿಕೊಂಡು ಹೋದೆ. ಪಟ್ಟಿಯ ಮೇಲೆ ಮಾರ್ಕರಿನಿಂದ ಗೆರೆ ಎಳೆಯುವುದು, ಎಂಟರ ಆಕಾರದಲ್ಲಿ ಉಜ್ಜುವುದು, ಎಲ್ಲಿ ಗೆರೆ ಅಳಿಸಿಲ್ಲವೋ ಅದು ತಗ್ಗು. ಮತ್ತೆ ಗೆರೆ, ಮತ್ತೆ ಎಂಟು.

"ಆ ಗಾಜು ನಮ್ಮ ಮದುವೆಗೆ ಬಂದದ್ದು ಕಣೇ! ತಲೆ ನೆಟ್ಟಗಿದೆಯಾ ನಿನಗೆ?"

"ಮನೇಲಿ ನೆಟ್ಟಗಿರೋದು ಇದೊಂದೇ ಇತ್ತು ರೀ."

ಗಾಜು ಗೀರಾಯಿತು. ಸಂದಿ ಅಳೆಯುವ ಲೋಹದ ಎಲೆಗಳಲ್ಲಿ ಸೊನ್ನೆ ದಶಾಂಶ ಸೊನ್ನೆ ಐದು ಮಿಲಿಯದ್ದು ಕೂಡ ಈಗ ಪಟ್ಟಿಯ ಕೆಳಗೆ ತೂರುವುದಿಲ್ಲ.

ಏಪ್ರಿಲ್ 2, ಬುಧವಾರ

ಕೂರಿಸಿದೆ. ಚಾಲೂ ಮಾಡಿದೆ. ಏದುಸಿರಿಲ್ಲ. ಜೋಡಣೆಯ ಸುತ್ತ ಸ್ಪ್ರೇ ಕ್ಲೀನರ್ ಸಿಂಪಡಿಸಿ ನೋಡಿದೆ. ಸಂದಿಯಿದ್ದರೆ ಎಂಜಿನ್ನು ಅದನ್ನು ಒಳಗೆಳೆದುಕೊಂಡು ಸದ್ದು ಬದಲಿಸುತ್ತದೆ, ಆದರೆ ಕೂದಲೆಳೆಯಷ್ಟೂ ಬದಲಾಗಲಿಲ್ಲ. ಅಂದರೆ ಗಾಳಿ ಸೋರುತ್ತಿಲ್ಲ. ಮಕ್ಕಳು ಆಡುವ ಬಣ್ಣದ ಜೇಡಿಮಣ್ಣಿನ ಉಂಡೆ ಮಾಡಿ ಗಾಳಿಪೆಟ್ಟಿಗೆಯ ಮೇಲಿಟ್ಟು ಬಾನೆಟ್ಟು ಮುಚ್ಚಿ ತೆಗೆದೆ. ಚಪ್ಪಟೆಯಾದ ಉಂಡೆಯನ್ನು ಅಳೆದು ಅತ್ತಿಗೆಗೆ ಹೇಳಿದೆ.

"ಒಂಬತ್ತು ಮಿಲಿ."

"ಸಾಲದು. ಎಂಜಿನ್ ಅಲ್ಲಾಡುತ್ತೆ, ಬಾನೆಟ್ಟಿಗೆ ಗುದ್ದುತ್ತೆ. ಹನ್ನೆರಡು ಬೇಕು."

"ಪೆಟ್ಟಿಗೆ ನೆತ್ತೀಲಿ ಬ್ರೇಕಿನ ಹವಾ ಪೈಪಿನ ಮೂತಿಯಿದೆ. ಅದನ್ನ ಪಕ್ಕಕ್ಕೆ ಹಾಕಿ ಮೇಲಿನ ತೂತು ಮುಚ್ಚಿದರೆ ನಾಲ್ಕು ಮಿಲಿ ಸಿಗುತ್ತೆ."

ಕಾಗದದ ಮೇಲೆ ಪೆನ್ಸಿಲು ಗೀಚುವ ಸದ್ದು ಕೇಳಿಸಿತು.

"ಅದು ನನಗೆ ಹೊಳೆದಿರಲಿಲ್ಲ" ಅಂದರು. ಆಮೇಲೆ, "ಹೊಳೆಯಲಿಲ್ಲ ಅಂದೆ ಅಂತ ಕುಣೀಬೇಡ. ಥ್ರೆಡ್ಡು ಸರಿಯಾಗಿ ಹಾಕು."

ಏಪ್ರಿಲ್ 6, ಭಾನುವಾರ

ಇವರು ತಮ್ಮ ಕಚೇರಿಯ ಆರು ಜನ ಗೆಳೆಯರನ್ನು ಕರೆದಿದ್ದರು. ಬಾನೆಟ್ಟು ಎತ್ತಿ ಮ್ಯಾನಿಫೋಲ್ಡಿನ ಮೇಲೆ ಅಂಗೈ ಇಟ್ಟು, "ಮೊದಲನೇದನ್ನ ನಮ್ಮ ಮೇಡಂ ಸಾರು ಮಾಡಿಬಿಟ್ಟರು, ಇದನ್ನ ನಾನು ಮೂರೇ ವಾರದಲ್ಲಿ ಎಬ್ಬಿಸಿದೆ" ಅಂದರು. ಎಲ್ಲರೂ ನಕ್ಕರು. ನಾನು ಬಿಸ್ಕತ್ತಿನ ತಟ್ಟೆ ಹಿಡಿದು ನಿಂತಿದ್ದೆ. ತಟ್ಟೆಯನ್ನು ಬೆಂಚಿನ ಮೇಲಿಟ್ಟೆ.

"ಕೊಳವೆ ಎಷ್ಟು ಕಮ್ಮಿ ಮಾಡಿದ್ರಿ, ಹೇಳಿ ಅವರಿಗೆ."

"ಏನು?"

"ಒಂದೊಂದು ಕೊಳವೆ. ಎಷ್ಟು ಮಿಲಿ?"

ನಕ್ಕರು. ಸುತ್ತ ನೋಡಿದರು. "ಮೂವತ್ತೋ ಏನೋ... ಅದೆಲ್ಲ ಈಗ್ಯಾಕೆ?"

"ನಲವತ್ತೆಂಟು. ಮೊದಲನೇದನ್ನ ಮಾಡಿದ್ದು ನಿಮ್ಮ ಅಕ್ಕ, ಕೆಡಿಸಿದ್ದು ನಾನು, ಎರಡನೇದನ್ನ ಮಾಡಿದ್ದೂ ನಾನು. ನೀವು ಬಗ್ಗಿಸಿದ್ದು."

ಒಬ್ಬರಿಗೆ ತುರ್ತಾಗಿ ಮನೆ ನೆನಪಾಯಿತು. ಉಳಿದವರಿಗೂ ಆಯಿತು. ಅವರು ಹೋದ ಮೇಲೆ ಅವನು ಶೆಡ್ಡಿಗೆ ಬೀಗ ಹಾಕಿ ಬೀಗದ ಕೈ ಜೇಬಿಗೆ ಹಾಕಿಕೊಂಡ. "ಹನ್ನೊಂದನೇ ತಾರೀಕು ಈ ಬಾಗಿಲು ತೆಗೆಯಲ್ಲ. ಅನುಮತಿ ಸಾಯಲಿ. ಕಾರೂ ಬೇಡ, ನಿಮ್ಮಿಬ್ಬರ ದೌಲತ್ತೂ ಬೇಡ."

ಏಪ್ರಿಲ್ 7, ಸೋಮವಾರ

ಊಟದ ಬಿಡುವಿನವರೆಗೆ ಕಾಯದೆ ಬೆಳಿಗ್ಗೆಯೇ ಅತ್ತಿಗೆಗೆ ಫೋನು ಮಾಡಿದೆ. ಸೋಡಾ ನಾನು, ತಟ್ಟೆ ಅವನು, ನಿನ್ನೆಯ ಮಾತು, ಬೀಗ, ಎಲ್ಲ ವರದಿಯ ಹಾಗೆ ಹೇಳಿದೆ. ಅಳಲಿಲ್ಲ.

"ಶೆಡ್ ಬಾಗಿಲ ಕೀಲು ಯಾವ ಕಡೆ ಇದೆ?" ಎಂದರು.

ಹಿತ್ತಲಿಗೆ ಹೋಗಿ ನೋಡಿದೆ. "ಹೊರಗಡೆ."

"ಬೋಲ್ಟು?"

"ಆರು. ಹತ್ತನೇ ನಂಬರು."

"ಮತ್ತೆ ಬೀಗದ ಕೈ ಯಾಕೆ ಕೇಳ್ತೀಯ?"

"ನಾನೆಲ್ಲಿ ಕೇಳಿದೆ? ನೀವು ಬರ್ತೀರಾ ಅಂತ ಕೇಳೋಕೆ ಫೋನ್ ಮಾಡಿದ್ದು."

"ಅರ್ಜಿದಾರಳು ನಾನು. ಬರಲೇಬೇಕು. ನಿನಗೋಸ್ಕರ ಅಂತ ತಿಳ್ಕೋಬೇಡ, ಕಾರಿಗೋಸ್ಕರ."

"ನಾನೂ ಕಾರಿಗೋಸ್ಕರಾನೇ ಕರೆದದ್ದು."

ಏಪ್ರಿಲ್ 8, ಮಂಗಳವಾರ

ಸ್ಪ್ಯಾನರು ಎದುರುಮನೆಯಿಂದ ಕೇಳಿ ತಂದೆ, ನಮ್ಮವೆಲ್ಲ ಶೆಡ್ಡಿನ ಒಳಗೆ. ಈ ಸಲ ಬಾಣಲೆಯ ಮಾತು ಬರಲಿಲ್ಲ. ಐದು ಬೋಲ್ಟು ಸಲೀಸಾಗಿ ಬಂದವು, ಆರನೆಯದು ತುಕ್ಕು ಹಿಡಿದು ಅರ್ಧ ಗಂಟೆ ಕಾಡಿತು. ಬಾಗಿಲನ್ನು ಬೀಗದ ಸಮೇತ ಎತ್ತಿ ಗೋಡೆಗೆ ಒರಗಿಸಿದೆ. ಅತ್ತೆ ಬಂದು ಒಂದು ತುದಿ ಹಿಡಿದುಕೊಂಡರು.

"ಇದನ್ನ ಎಲ್ಲಿಡೋದು?"

"ಸದ್ಯಕ್ಕೆ ಇಲ್ಲೇ ಇರಲಿ ಅತ್ತೆ."

"ಬೀಗ ಭದ್ರವಾಗಿದೆ" ಅಂದರು. ಅವರು ನಕ್ಕದ್ದನ್ನು ನಾನು ಇದೇ ಮೊದಲು ನೋಡಿದ್ದು.

ಐದೂವರೆಗೆ ಅವನು ಬಂದ. ಬಾಗಿಲನ್ನು ನೋಡಿದ, ಜೇಬು ಮುಟ್ಟಿಕೊಂಡ. "ನಿನ್ನ ಅಪ್ಪನ ಮನೆಗೆ ಹೋಗು" ಎಂದ. ಶುಕ್ರವಾರದ ತನಕ ಬಿಡುವಿಲ್ಲ, ಆಮೇಲೆ ಯೋಚಿಸ್ತೀನಿ ಎಂದೆ. ಅವನ ಹಾಸಿಗೆ ಈಗ ನಡುಮನೆಯಲ್ಲಿದೆ. ಗೊರಕೆ ಇಲ್ಲಿಯವರೆಗೆ ಕೇಳಿಸುವುದಿಲ್ಲ, ನಿದ್ದೆ ಚೆನ್ನಾಗಿ ಬರುತ್ತದೆ.

ಏಪ್ರಿಲ್ 9, ಬುಧವಾರ

ಹವಾ ಪೈಪಿನ ಮೂತಿ ಪಕ್ಕಕ್ಕೆ ಬಂತು. ಮಣ್ಣಿನುಂಡೆ ಹದಿಮೂರು ಮಿಲಿ. ಬಾನೆಟ್ಟು ಟಪ್ ಎಂದು ಒಂದೇ ಸಲಕ್ಕೆ ಮುಚ್ಚಿತು. ನಲವತ್ತು ನಿಮಿಷ ಓಡಿಸಿ, ತಣ್ಣಗಾದ ಮೇಲೆ ಬೋಲ್ಟುಗಳನ್ನು ಮತ್ತೊಮ್ಮೆ ಬಿಗಿದೆ. ಎರಡನೇ ಕೊಳವೆಯ ಹತ್ತಿರದ್ದು ಕಾಲು ಸುತ್ತು ಸಡಿಲವಾಗಿತ್ತು. ನಾಳೆ ಅತ್ತಿಗೆಗೆ ಹೇಳಬೇಕು. ಬೈಯುತ್ತಾರೆ. ಬೈಯಲಿ.

ಸ್ಟೇಷನ್ನಿಗೆ ಯಾರು ಬರ್ತಾರೆ ಎಂದು ಅತ್ತಿಗೆ ಫೋನಿನಲ್ಲಿ ಕೇಳಿದರು. ನಾನೇ ಎಂದೆ. ಒಬ್ಬರನ್ನೊಬ್ಬರು ನೋಡಿಲ್ಲವಲ್ಲ, ಗುರುತು ಹೇಗೆ ಹಿಡಿಯೋದು ಎಂದು ನಾನು ಕೇಳಿದ್ದಕ್ಕೆ, "ಟೂಲ್ ಪೆಟ್ಟಿಗೆ ಹೊತ್ತುಕೊಂಡು ಇಳಿಯೋ ಹೆಂಗಸು ಎಷ್ಟು ಜನ ಇರ್ತಾರೆ? ಕೂಲಿಯವರನ್ನ ಕರೀಬೇಡ, ಒಂದು ಹಿಡಿಕೆ ನೀನು ಹಿಡಿ" ಅಂದರು.

ನಾಳೆ, ಗುರುವಾರ, ಬೆಳಿಗ್ಗೆ ಆರೂ ನಲವತ್ತರ ಪ್ಯಾಸೆಂಜರು, ಹಿಂದಿನಿಂದ ಮೂರನೇ ಬೋಗಿ.